ಹಳದಿ ದಾರದ ಕಿವಿಗಳು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಎಲ್ಲರೂ ‘ಕಿವಿಯಮ್ಮ’ ಎಂದು ಕರೆಯುವ ಹೆಂಗಸು ಉಸಿರು ಬಿಗಿಹಿಡಿದು ರಬ್ಬರ್ ಅಚ್ಚಿನೊಳಗೆ ಹಳದಿ ದಾರ ಎಳೆಯುತ್ತಿದ್ದಾರೆ. ದಾರ ಕೂತ ಮೇಲೆ ಪ್ಲಾಸ್ಟರ್ ಹೊಯ್ದು, ಗಾಳಿಗುಳ್ಳೆ ಮೇಲೆದ್ದು ಒಡೆಯಲೆಂದು ಮೇಜಿಗೆ ನಾಲ್ಕು ಗುದ್ದು. ಗಟ್ಟಿಯಾದರೆ ಅದೇ ಕಿವಿಯ ಹಿಂದಿನ ಮೂಳೆ. ಕಲಿಯುವ ಡಾಕ್ಟರುಗಳು ಮನುಷ್ಯರಿಗೆ ಕೈ ಹಚ್ಚುವ ಮೊದಲು ಡ್ರಿಲ್ ಹಿಡಿದು ಕೊರೆಯುವುದು ಇದನ್ನೇ.

ದಾರವೆಂದರೆ ಮುಖದ ನರ. “ಇದು ಕಡಿದ್ರೆ ಅರ್ಧ ಮುಖ ಸತ್ತ ಹಾಗೆ. ಕಣ್ಣು ಮುಚ್ಚಲ್ಲ, ಬಾಯಿ ಒಂದ್ಕಡೆ ವಾಲುತ್ತೆ. ಪ್ಲಾಸ್ಟರ್‌ಗೆ ಮುಖಾನೇ ಇಲ್ಲ, ಪುಣ್ಯ ಮಾಡಿದೆ,” ಎನ್ನುತ್ತಾರೆ ಕಿವಿಯಮ್ಮ.

ಹತ್ತೊಂಬತ್ತು ವರ್ಷ ಕಟ್ಟುಹಲ್ಲಿನ ಅಂಗಡಿಯಲ್ಲಿ ಪಳಗಿದ ಕೈ ಇದು. ಅಂಗಡಿ ಮುಚ್ಚಿದ ಮೇಲೆ ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ದಿನಕ್ಕೆ ಎಂಟು ಕಿವಿ. ಕಾಗದದಲ್ಲಿ ಮಾತ್ರ ಇನ್ನೂ ‘ಶುಚಿತ್ವ ಸಹಾಯಕಿ’. ಈ ಮಾದರಿಯ ಬಗ್ಗೆ ವಿಭಾಗದ ಮುಖ್ಯಸ್ಥರು ದೊಡ್ಡ ಸಭೆಯಲ್ಲಿ ಭಾಷಣ ಮಾಡಿದ ದಿನ ಕಿವಿಯಮ್ಮನಿಗೂ ಕರೆ ಬಂದಿತ್ತು, ಕುರ್ಚಿ ಒರೆಸಲು.

ಕೊರೆದ ಮಾದರಿಗಳು ಡಾಕ್ಟರ ಹೆಸರಿನ ಚೀಟಿ ಸಮೇತ ಸಂಜೆ ಇವರ ಬಳಿಗೇ ಮರಳುತ್ತವೆ, ಪುಡಿಮಾಡಿ ಎಸೆಯಲು. ಎಸೆಯುವ ಮೊದಲು ಪ್ರತಿ ದಾರವನ್ನೂ ಉಗುರಿನಿಂದ ಮೀಟುವುದು ಇವರ ಚಾಳಿ. ಹೋದ ವರ್ಷ ಒಬ್ಬ ಡಾಕ್ಟರ ಹದಿನಾಲ್ಕು ಕಿವಿಗಳಲ್ಲಿ ಐದರ ದಾರ ಮಧ್ಯದಲ್ಲಿ ಕಡ್ಡಿಯಂತೆ ಬಿರುಸಾಗಿತ್ತು. ಕಡಿದದ್ದನ್ನು ಅಂಟು ಹಚ್ಚಿ ಕೂಡಿಸಿ, ಪರೀಕ್ಷಕರ ಕಣ್ಣಿಗೆ ಮಣ್ಣೆರಚಿದ್ದರು. ಕಿವಿಯಮ್ಮ ಹೋಗಿ ಮುಖ್ಯಸ್ಥರಿಗೆ ಹೇಳಿದರು.

“ನೀನು ದಾರ ನೋಡ್ಕೊಳಮ್ಮ, ಡಾಕ್ಟರನ್ನ ನಾನು ನೋಡ್ಕೋತೀನಿ.”

ಚೆನ್ನಾಗಿಯೇ ನೋಡಿಕೊಂಡರು. ಆತ ಪಾಸಾಗಿ ಇಲ್ಲೇ ಸರ್ಜನ್ ಆಗಿದ್ದಾರೆ.

ಈಗ ಕಿವಿಯಮ್ಮನ ಎಡಗಿವಿಯೇ ಸೋರುತ್ತಿದೆ. ಮೂಳೆ ಕೊಳೆತಿದೆ, ಕೊರೆಯಲೇಬೇಕು. ಸಿಬ್ಬಂದಿಗೆ ಪುಕ್ಕಟೆ ಆಪರೇಷನ್ ಇಲ್ಲಿ ಮಾತ್ರ. ಪಟ್ಟಿಯಲ್ಲಿ ಇವರ ಪಾಲಿಗೆ ಬಂದ ಸರ್ಜನ್ ಆತನೇ. ಇವರು ತಮ್ಮ ಸ್ಕ್ಯಾನ್ ಚಿತ್ರವನ್ನು ಎದುರಿಟ್ಟುಕೊಂಡು ಒಂದು ಕಿವಿ ಎರಕಹೊಯ್ದು, ಕಳೆದ ವಾರ ಆತನ ಮೇಜಿನ ಮೇಲಿಟ್ಟರು.

“ಡಾಕ್ಟ್ರೇ, ಇದು ನಂದೇ ಕಿವಿ. ಮೊದ್ಲು ಇದನ್ನ ನನ್ನೆದುರಿಗೆ ಕೊರೀರಿ. ಆಮೇಲೆ ನಾನು ಮಲಗ್ತೀನಿ.”

“ಏನಮ್ಮ, ನಂಗೇ ಪರೀಕ್ಷೆನಾ?” ಆತ ನಕ್ಕರು.

“ಹೂಂ. ಅಂಟು ಮಾತ್ರ ತರ್ಬೇಡಿ.”

ನಗು ಅಲ್ಲಿಗೇ ನಿಂತಿತು. ಮರುದಿನ ಪಟ್ಟಿಯಲ್ಲಿ ಇವರ ಹೆಸರಿಗೆ ಗೀಟು ಬಿದ್ದಿತ್ತು. ಪಕ್ಕದಲ್ಲಿ ‘ರೋಗಿಯ ನಿರಾಕರಣೆ’ ಎಂಬ ಷರಾ.

“ಹೋಗಿ ತಪ್ಪಾಯ್ತು ಅಂತ ಕೇಳೇ, ಕಿವುಡಿ ಆಗ್ಹೋಗ್ತೀಯ,” ಎಂದು ಗಂಡ ದಿನವೂ ತಲೆ ತಿನ್ನುತ್ತಾರೆ. ಕಿವಿಯಮ್ಮ ಹತ್ತಿ ಬದಲಿಸಿಕೊಳ್ಳುತ್ತಾ ಹೇಳುತ್ತಾರೆ:

“ಆದ್ರೆ ಆಗ್ಲಿ ಬಿಡಿ, ಇನ್ನೊಂದು ಕಿವಿ ಇದೆ. ಬಾಯಿ ಇರೋದು ಒಂದೇ. ಅದು ನೆಟ್ಟಗಿರ್ಲಿ, ಇವ್ರನ್ನ ಬೈಯೋಕೆ ಬೇಕು.”