ಎಗೈಲಾದಲ್ಲಿ ಸುಕುಮಾರನ ಧೂಪಸೇವೆ

ಕುವೈತಿನ ಬ್ನೇದ್ ಅಲ್ ಗಾರ್‌ನ ಅನುವಾದ ಕಚೇರಿಯೊಂದರಲ್ಲಿ ಸುಕುಮಾರ ಈಗ ಕೂರುವ ಭಂಗಿ ನೋಡಿದರೆ, ಅರಬ್ಬಿ ಭಾಷೆ ಹುಟ್ಟಿದ್ದೇ ಇವನಿಗಾಗಿ ಅನ್ನಿಸಬೇಕು. ಹಾಗೆ ಅನ್ನಿಸಲಿ ಎಂದೇ ಅವನು ಕುರ್ಚಿಯನ್ನು ಸ್ವಲ್ಪ ಎತ್ತರಕ್ಕೆ ಏರಿಸಿಕೊಂಡಿದ್ದಾನೆ.

೨೦೦೯ರಲ್ಲಿ ಪಡುಬಿದ್ರಿಯಿಂದ ಹೊರಟಾಗ ಅವನ ಲೆಕ್ಕಾಚಾರ ಸರಳವಾಗಿತ್ತು. ಊರಿನಿಂದ ಗಲ್ಫಿಗೆ ಹೋದವರೆಲ್ಲ ಕೆಲಸ ಮಾಡುತ್ತಾರೆ. ಅಲ್ಲಿನವರೊಡನೆ ಸರಿಯಾಗಿ ಮಾತಾಡುವವನು ಒಬ್ಬನಾದರೂ ಬೇಡವೇ? ಯುವಕ ಮಂಡಲದವರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಭಾಷೆ ಕಲಿಯುವ ಮೊದಲೇ ಶಾಲು ಹೊದೆಸಿ ‘ಅರಬ್ಬಿ ಪಂಡಿತ’ ಎಂದು ಸನ್ಮಾನಿಸಿಬಿಟ್ಟರು. ಸುಕುಮಾರ ಬೇಡವೆನ್ನಲಿಲ್ಲ.

ಕುವೈತ್ ವಿಮಾನ ನಿಲ್ದಾಣದಿಂದ ಕರೆದೊಯ್ಯಲು ಬಂದವರು ಸೋದರಮಾವ ಶ್ಯಾಮಸುಂದರ್. ಫರ್ವಾನಿಯಾದಲ್ಲಿ ಅರ್ಧ ಆಯುಷ್ಯ ಕಳೆದ ಸ್ಟೋರ್ ಕೀಪರ್.

“ಕಲಿಯಲಿಕ್ಕೆ ಎಂಥದುಂಟು ಮಾರಾಯ? ಯಲ್ಲಾ ಅಂದ್ರೆ ಹೊರಡು, ಖಲಾಸ್ ಅಂದ್ರೆ ಮುಗೀತು. ನನ್ನ ಸರ್ವೀಸ್ ಪೂರಾ ಇದರಲ್ಲೇ ಆಯ್ತಲ್ಲ.”

“ಅದು ಭಾಷೆಯಲ್ಲ ಮಾವ, ಬಸ್ ಕಂಡಕ್ಟರನ ಸೀಟಿ.”

“ಆಯ್ತು ಪಂಡಿತರೇ. ನಿಮ್ಮನ್ನು ಇಟ್ಟುಕೊಳ್ಳುವ ಮನೆಯವರು ಓಡಿಸಿದ್ರೆ ಹೇಳಿ. ನಮ್ಮ ರೂಮಿನಲ್ಲಿ ಮಂಚದ ಅಡಿ ಖಾಲಿ ಉಂಟು.”

ಮಾವ ತಮಾಷೆಗೆ ಅಂದರೂ ಭಯ ನಿಜವಾದದ್ದೇ. ಅವನು ಸೇರಿದ್ದ ಅರಬ್ಬಿ ತರಬೇತಿ ಕೇಂದ್ರವು ವಿದ್ಯಾರ್ಥಿಗಳನ್ನು ಒಂದೊಂದು ಕುವೈತಿ ಕುಟುಂಬದ ಜೊತೆ ಇರಿಸುತ್ತಿತ್ತು. ಮೊದಲ ತಿಂಗಳು ಪರೀಕ್ಷೆ; ಮನೆಯವರು ಬೇಡವೆಂದರೆ ವಸತಿ ನೀವೇ ನೋಡಿಕೊಳ್ಳಬೇಕು. ಮಾವನ ರೂಮಿನಲ್ಲಿ ತುಳು, ಮಲಯಾಳಂ, ಹಿಂದಿ ಎಲ್ಲವೂ ಇದ್ದವು, ಅರಬ್ಬಿ ಒಂದನ್ನು ಬಿಟ್ಟು.

ಸುಕುಮಾರನಿಗೆ ಸಿಕ್ಕಿದ್ದು ಎಗೈಲಾ ಬಡಾವಣೆಯಲ್ಲಿ ನಿವೃತ್ತ ಶಿಕ್ಷಕ ಅಬು ಫಹದ್ ಅವರ ಮನೆ. ಜನ ಒಳ್ಳೆಯವರು. ಆದರೆ ಇವನು ಬಾಯಿ ತೆರೆದರೆ ಇಂಗ್ಲಿಷಿಗೆ ಹಾರಿಬಿಡುತ್ತಿದ್ದರು. ಕಾರಣ, ಇವನದು ಅಪ್ಪಟ ಪಠ್ಯಪುಸ್ತಕದ ಅರಬ್ಬಿ. ಒಂದು ಬೆಳಿಗ್ಗೆ ಮನೆಯ ಮಗ ಫಹದನಿಗೆ, “ಎಲೈ ಸಹೋದರನೇ, ಆ ರೊಟ್ಟಿಯನ್ನು ಇತ್ತ ದಯಪಾಲಿಸುವೆಯಾ?” ಎಂಬ ಧಾಟಿಯಲ್ಲಿ ಏನೋ ಹೇಳಿದ.

“ಬ್ರೋ, ನೀನು ತಿಂಡಿ ತಿಂತಿದ್ದೀಯಾ, ವಾರ್ತೆ ಓದ್ತಿದ್ದೀಯಾ?” ಎಂದು ಫಹದ್ ಇಂಗ್ಲಿಷಿನಲ್ಲಿ ಕೇಳಿದ.

ಬೇರೆಯವರಾಗಿದ್ದರೆ ಕುಗ್ಗುತ್ತಿದ್ದರು. ಸುಕುಮಾರ, ಈ ಮನೆಯವರ ಅರಬ್ಬಿ ಇಷ್ಟು ಕೆಟ್ಟುಹೋಯಿತಲ್ಲ ಎಂದು ಅವರಿಗಾಗಿ ಮರುಗಿದ.

ತಿಂಗಳು ಮುಗಿಯುತ್ತ ಬಂದಾಗ ಅಬು ಫಹದ್ ಅವನನ್ನು ಕರೆದರು. “ನೀನು ಒಳ್ಳೆಯವನೇ. ಆದರೆ ಹೊರಗಿನವರನ್ನು ಮನೆಯಲ್ಲಿ ಇಟ್ಟುಕೊಳ್ಳೋದು ನಮ್ಮಣ್ಣನಿಗೆ ಹಿಡಿಸೋದಿಲ್ಲ. ಶುಕ್ರವಾರ ಬರ್ತಾನೆ. ಅವನು ನಿನ್ನನ್ನ ನೋಡಲಿ, ಆಮೇಲೆ ಕೇಂದ್ರಕ್ಕೆ ತಿಳಿಸ್ತೇನೆ.”

ಅಲ್ಲಿನ ಮನೆಗಳಲ್ಲಿ ಗಂಡಸರು ಸಂಜೆ ಕೂತು ಹರಟುವ ಮುಂಭಾಗದ ಕೋಣೆಗೆ ದಿವಾನಿಯಾ ಎನ್ನುತ್ತಾರೆ. ಶುಕ್ರವಾರದ ಸಂಜೆಗಳನ್ನು ಮಾವನ ರೂಮಿನ ಮೀನು ಸಾರಿಗೆ ಮೀಸಲಿಟ್ಟಿದ್ದ ಸುಕುಮಾರ ಅದರ ರೀತಿನೀತಿ ನೋಡಿರಲೇ ಇಲ್ಲ. ಈ ಶುಕ್ರವಾರ ಮಾತ್ರ ಇಸ್ತ್ರಿ ಹಾಕಿದ ಶರ್ಟು ತೊಟ್ಟು, ಮನೆಮಗನಂತೆ ಓಡಾಡಿ ಅಣ್ಣನವರ ಮನಸ್ಸು ಗೆಲ್ಲುವುದೆಂದು ನಿಶ್ಚಯಿಸಿದ.

ಅಣ್ಣ ಅಬು ಮಿಶಾರಿ ನಾಲ್ಕಾರು ಗೆಳೆಯರೊಡನೆ ಬಂದು ದಿಂಬಿಗೆ ಒರಗಿದರಷ್ಟೆ. ಕಾಫಿ ಇನ್ನೂ ಒಲೆಯ ಮೇಲಿತ್ತು. ಸುಕುಮಾರನ ಕಣ್ಣು ಕಪಾಟಿನಲ್ಲಿದ್ದ ಧೂಪದಾನಿಯ ಮೇಲೆ ಬಿತ್ತು. ನಮ್ಮ ಕಡೆ ಪೂಜೆಯಿರಲಿ, ಅಂಗಡಿ ತೆರೆಯುವುದಿರಲಿ, ಹೊಗೆಯಿಲ್ಲದೆ ಯಾವುದು ಶುರುವಾಗುತ್ತದೆ? ಕೆಂಡ ಹಾಕಿ, ಸುಗಂಧದ ಚಕ್ಕೆ ಧಾರಾಳವಾಗಿ ಉದುರಿಸಿ, ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದ.

ಆ ನಾಡಿನಲ್ಲಿ ಧೂಪ ಬರುವುದು ಕಾಫಿ, ಚಹಾ, ಮಾತುಕತೆ ಎಲ್ಲ ಆದ ಮೇಲೆ. ಬಂತೆಂದರೆ ಬೈಠಕ್ ಮುಗಿಯಿತು, ಇನ್ನು ಏಳಿ ಎಂದೇ ಅರ್ಥ. ಅಬು ಮಿಶಾರಿ ಧೂಪದಾನಿಯನ್ನು ನೋಡಿದರು, ತಮ್ಮನನ್ನು ನೋಡಿದರು. ದೊಡ್ಡ ಮನುಷ್ಯ, ಹೊಗೆಯನ್ನು ಗಡ್ಡಕ್ಕೆ ಬೀಸಿಕೊಂಡು ಎದ್ದುನಿಂತರು. ಉಳಿದವರೂ ಎದ್ದರು. ಮಂಗಳಾರತಿಗೆ ಎಲ್ಲರೂ ಎದ್ದುನಿಲ್ಲುವುದನ್ನು ಕಂಡು ಬೆಳೆದ ಸುಕುಮಾರ, ಇವರ ಭಕ್ತಿಗೆ ಮೆಚ್ಚಿ ಇನ್ನೊಂದು ಸುತ್ತು ಬಂದ.

ಅವರು ಬಾಗಿಲಾಚೆ ಗೇಟಿನ ಬಳಿ ಚಪ್ಪಲಿ ಹುಡುಕತೊಡಗಿದಾಗ ಫಹದ್ ಅವನ ತೋಳು ಹಿಡಿದ. “ಏನು ಮಾಡಿಬಿಟ್ಟೆ? ಹೊಗೆ ಬಂದ್ರೆ ಹೊರಡಿ ಅಂತ. ದೊಡ್ಡಪ್ಪನಿಗೆ ಕಾಫಿನೂ ಕೊಡದೆ ಓಡಿಸಿದೆ ನೀನು.”

ಸುಕುಮಾರ ಧೂಪದಾನಿಯ ಸಮೇತ ಓಡಿ ಗೇಟಿಗೆ ಅಡ್ಡ ನಿಂತ. ಇಂಗ್ಲಿಷ್ ನೆನಪಾಗಲಿಲ್ಲ, ಕಲಿತ ಅರಬ್ಬಿಯೇ ಧುಮುಕಿತು. “ಎಲೈ ಮಾನ್ಯರೇ, ನಿರ್ಗಮಿಸದಿರಿ. ನಮ್ಮ ನಾಡಿನಲ್ಲಿ ಧೂಪವು ಆರಂಭದ ಕುರುಹು. ನಾನು ತಮ್ಮನ್ನು ಅಟ್ಟಿದ್ದಲ್ಲ, ಬರಮಾಡಿಕೊಂಡಿದ್ದು.”

ಅಬು ಮಿಶಾರಿಯವರ ಒಂದು ಕಾಲು ಚಪ್ಪಲಿಯಲ್ಲಿತ್ತು. “ಹೌದಾ? ಮತ್ತೆ ನಿಮ್ಮೂರಲ್ಲಿ ನೆಂಟರನ್ನ ಹೊರಡಿಸೋದು ಹೇಗಯ್ಯಾ?”

“ಹೊರಡಿಸುವುದಿಲ್ಲ, ಮಾನ್ಯರೇ. ಅವರೇ ಹೊರಟೆವು ಹೊರಟೆವು ಎನ್ನುತ್ತ ಗೇಟಿನ ಬಳಿ ನಿಂತು ಮಾತಾಡುತ್ತಲೇ ಇರುತ್ತಾರೆ.”

ಮುದುಕರು ಗೇಟನ್ನು ನೋಡಿದರು, ತಾವು ನಿಂತ ಜಾಗವನ್ನು ನೋಡಿದರು. ಮೊದಲು ನಕ್ಕದ್ದು ಹಿಂದಿದ್ದ ಗೆಳೆಯರೊಬ್ಬರು. ಅಬು ಮಿಶಾರಿ ಚಪ್ಪಲಿ ಕಳಚಿ ಒಳಗೆ ತಿರುಗಿದರು. “ಬಾ, ಕಾಫಿ ತಾ. ಇನ್ನೂ ಏನೇನು ತಲೆಕೆಳಗು ಮಾಡ್ತೀರಿ ನೀವು, ಹೇಳು.”

ಸುಕುಮಾರ ಹೇಳಿದ. ಅವನ ಒಂದೊಂದು ಮಾತಿಗೂ ಅವರು ಬಿದ್ದು ಬಿದ್ದು ನಕ್ಕು, ಅದನ್ನೇ ಮನೆಮಾತಿನ ಅರಬ್ಬಿಯಲ್ಲಿ ಹೇಳಿ, ಅವನ ಬಾಯಲ್ಲೂ ಹೇಳಿಸಿದರು. ತಾನು ಅಂದು ಕೊಟ್ಟದ್ದು ಉಪನ್ಯಾಸ ಎಂದು ಅವನು ಇವತ್ತಿಗೂ ನಂಬಿದ್ದಾನೆ. ಪಾಠ ಯಾರಿಗಾಯಿತು ಎಂಬುದನ್ನು ನಾವು ಎತ್ತದಿರುವುದು ಒಳ್ಳೆಯದು.

ಹೊರಡುವಾಗ ಅಬು ಮಿಶಾರಿ ತಮ್ಮನಿಗೆ ಹೇಳಿದರು: “ಇರಲಿ ಬಿಡು ಇವನು. ಮುಂದಿನ ವಾರ ನಮ್ಮ ದಿವಾನಿಯಾಕ್ಕೂ ಕರ್ಕೊಂಡು ಬಾ. ಅಲ್ಲಿ ಕೆಲವರು ಕೂತರೆ ಏಳೋದೇ ಇಲ್ಲ.”