ಕಗ್ಗದ ಗದ್ದೆಗೆ ನಾನಿಟ್ಟ ಹಲಗೆ

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಮಂಗಳೂರು ಬಸ್ಸು ಹತ್ತುವಾಗ ನನ್ನ ಬಾಮೈದ ಪುಟ್ಟರಾಜನ ಎರಡು ಕೈಯಲ್ಲೂ ಚೀಲ. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಅವನಕ್ಕ, ಅಂದರೆ ನನ್ನ ಹೆಂಡತಿ, ಕಟ್ಟಿಕೊಟ್ಟ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವನದು ಹಿರೀಸಾವೆಯಲ್ಲಿ ರಸ್ತೆ ಬದಿಯ ಹೋಟೆಲು. ದಿನವಿಡೀ ನಿಂತು ನಿಂತು ಮಂಡಿ ಹಿಡಿದುಬಿಟ್ಟಿದೆ. ನಾಲ್ಕು ದಿನ ಎಲ್ಲಾದರೂ ನಡೆದು ಸುತ್ತಿ ಬರೋಣ ಅಂದಿದ್ದಕ್ಕೆ, "ಬೆಟ್ಟ ಗಿಟ್ಟ ನನ್ ಕೈಲಾಗಕಿಲ್ಲ ಭಾವ, ಮಟ್ಟವಾಗಿರೋ ಕಡೆ ನಡ್ಯಾನ" ಅಂದಿದ್ದ. ಸಮುದ್ರದ ದಡಕ್ಕಿಂತ ಮಟ್ಟವಾದ ಜಾಗ ಇನ್ನೆಲ್ಲಿ ಸಿಕ್ಕೀತು? ನಾನು ದಂಡಿಗನಹಳ್ಳಿ ಕಡೆಯ ಬೇಸಾಯಗಾರ. ತಲೆ ನರೆತ ಮೇಲೆ ಮೊದಲ ಸಲ ಸಮುದ್ರ ನೋಡಲು ಹೊರಟಿದ್ದೆ.

ಮಂಗಳೂರಿನಿಂದ ರೈಲು ಹಿಡಿದು ಕುಮಟೆಗೆ ಹೋಗಿ ಮಲಗಿದೆವು. ಮಾರನೆಯ ಬೆಳಿಗ್ಗೆ ಧಾರೇಶ್ವರದ ಕಡಲ ತೀರದಲ್ಲಿ ನಡಿಗೆ ಶುರು. ಎಡಕ್ಕೆ ನೀರು, ಬಲಕ್ಕೆ ಗಾಳಿಮರ, ಮುಂದೆ ಕಣ್ಣು ಹಾಯುವಷ್ಟು ದೂರವೂ ಮರಳು. ಒಣ ಮರಳಿನಲ್ಲಿ ಕಾಲು ಹೂತು ಪುಟ್ಟರಾಜ ಅಯ್ಯಪ್ಪಾ ಅಂದ. ಅಲೆ ಬಂದು ಹೋದ ಒದ್ದೆ ಜಾಗ ಮಾತ್ರ ಕಣದಷ್ಟು ಗಟ್ಟಿ, ಅಲ್ಲೇ ನಡೆದೆವು. ಅವನ ಒಂದು ಚಪ್ಪಲಿಯನ್ನು ಅಲೆ ಎಳೆದುಕೊಂಡು ಹೋಯಿತು. ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ನಕ್ಕು, "ಇನ್ನೊಂದನ್ನೂ ಕೊಟ್ಬಿಡಿ ಮಾರಾಯ್ರೆ, ಜೋಡಿ ಆಗ್ಲಿ" ಅಂದಳು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡೆವು. ನೆಂಟರ ಮನೆಗೆ ಹೋದಷ್ಟು ಖುಷಿಯಾಗಿತ್ತು. ಅಲ್ಲಿಂದಲೇ ಊರಿಗೆ ವಾಪಸಾಗಿದ್ದರೆ ಚೆನ್ನಾಗಿರುತ್ತಿತ್ತು.

ಎರಡನೆಯ ದಿನ ಕಡಲು ಬಿಟ್ಟು ಅಘನಾಶಿನಿ ನದಿಯ ಹಿನ್ನೀರಿನ ಕಡೆಗೆ ತಿರುಗಿದೆವು. ಅದೆಲ್ಲ ಕೆಸರಿನ ಸೀಮೆ. ಬೇರುಗಳನ್ನು ಮೇಲೆ ಚಾಚಿಕೊಂಡು ನಿಂತ ಕಾಂಡ್ಲಾ ಗಿಡಗಳು, ಮೊಣಕಾಲುದ್ದ ಕೆಸರಿನಲ್ಲಿ ಚಿಪ್ಪು ಹೆಕ್ಕುವ ಹೆಂಗಸರು, ಸುಮ್ಮನೆ ನಿಂತ ಬೆಳ್ಳಕ್ಕಿಗಳು. ದಾರಿ ಅಂದರೆ ಉದ್ದುದ್ದ ಏರಿ ಅಷ್ಟೇ. ಏರಿಯ ಒಂದು ಮಗ್ಗುಲಿಗೆ ಉಪ್ಪು ನೀರು, ಇನ್ನೊಂದು ಮಗ್ಗುಲಿಗೆ ಬಲಿತ ಭತ್ತ! ಅಲ್ಲಿಯವರು ಅದನ್ನು ಕಗ್ಗ ಅನ್ನುತ್ತಾರೆ. ಉಪ್ಪು ತಡೆದುಕೊಳ್ಳುವ ಭತ್ತವಂತೆ. ಹಿಂದಿನ ವಾರ ಅಕಾಲದ ಮಳೆ ಹೊಡೆದು ಪೈರೆಲ್ಲ ನೀರಿಗೆ ಬಾಗಿತ್ತು.

ಸಂಜೆಯಾಗುತ್ತಿತ್ತು. ಪುಟ್ಟರಾಜ ಕುಂಟುತ್ತ ಮುಂದೆ ಹೋಗಿದ್ದ. ಏರಿಯಲ್ಲೊಂದು ತೂಬು, ಅದರ ಹಲಗೆ ಪಕ್ಕಕ್ಕೆ ಒರಗಿತ್ತು. ಗದ್ದೆಯ ನೀರು ಗಳಗಳ ಅಂತ ನದಿಗೆ ಹರಿದು ಹೋಗುತ್ತಿತ್ತು. ನಾನು ಅಲ್ಲೇ ನಿಂತೆ. ನಮ್ಮದು ನಾಲೆಯ ಕಟ್ಟಕಡೆಯ ಜಮೀನು. ಮೇಲಿನವರೆಲ್ಲ ನೀರು ಕಟ್ಟಿಕೊಂಡು, ಮಿಕ್ಕದ್ದು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಯಾರ ಗದ್ದೆಯ ನೀರು ಸೋರುತ್ತಿದ್ದರೂ, ಮಾತು ಬಿಟ್ಟವನದೇ ಆದರೂ, ಒಂದು ಹೆಂಟೆ ಇಟ್ಟು ತುಳಿದೇ ಮುಂದೆ ಹೋಗಬೇಕು. ನೋಡಿಯೂ ನೋಡದಂತೆ ಹೋದವನನ್ನು ಮನುಷ್ಯ ಅನ್ನುವುದಿಲ್ಲ. ಆ ಅಭ್ಯಾಸ ಕೈಯಲ್ಲೇ ಇತ್ತು. ಹಲಗೆಯನ್ನು ತೂಬಿನ ಬಾಯಿಗೆ ಇಳಿಸಿ, ಸಂದಿಗೆ ಕೆಸರು ಮೆತ್ತಿ, ಹಿಮ್ಮಡಿಯಿಂದ ಗುದ್ದಿದೆ. ಯಾವನೋ ಸೋಮಾರಿ, ನೀರಿನ ಬೆಲೆ ಗೊತ್ತಿಲ್ಲ ಅಂತ ಬೈದುಕೊಂಡು ಕೈ ತೊಳೆದೆ.

ರಾತ್ರಿ ಉಳಿಯಲು ಕುಮಟೆಯ ಚಾದಂಗಡಿಯವನು ಹೇಳಿದ್ದ ಮನೆ ಅಲ್ಲಿಂದ ಹತ್ತಿರದಲ್ಲೇ ಇತ್ತು. ಯಜಮಾನರು ತಿಮ್ಮಪ್ಪ, ಜೊತೆಗೆ ಸೊಸೆ ಸವಿತಾ. ಮಗ ದೋಣಿ ಕೆಲಸಕ್ಕೆ ಹೋಗಿದ್ದ. ಚಿಪ್ಪಿನ ಸಾರು ಬಡಿಸುತ್ತಿದ್ದಾಗ ತಿಮ್ಮಪ್ಪ ಸೊಸೆಯನ್ನು ಕೇಳಿದರು, "ಹಲಗೆ ಇಟ್ಟಾಯ್ತಾ?"

"ನಾ ಹೋಗುವಾಗಲೇ ಇಟ್ಟಿತ್ತು. ನೀವೇ ಇಟ್ರಿ ಅಂದ್ಕೊಂಡೆ."

"ಹೂಂ, ಯಾರೋ ಒಬ್ರು ಇಟ್ರೆ ಸರಿ" ಅಂದರು ತಿಮ್ಮಪ್ಪ, ಸರಿಯಾಗಿ ಕೇಳಿಸಿಕೊಳ್ಳದೆ. ಆಮೇಲೆ ನಮ್ಮ ಕಡೆ ತಿರುಗಿ ವಿವರಿಸಿದರು. ಕಡಲ ಜೊತೆ ನದಿಯೂ ಇಳಿತವಾದಾಗ ಹಲಗೆ ತೆಗೆದು ಗದ್ದೆ ಬರಿದು ಮಾಡಬೇಕು, ಭರತದ ಉಪ್ಪು ನೀರು ಏರುವ ಮೊದಲು ಮತ್ತೆ ಹಾಕಬೇಕು. ಬಿದ್ದ ತೆನೆ ಆಗಲೇ ನೆನೆದಿದೆ, ಇನ್ನೊಂದು ರಾತ್ರಿ ನೀರಿನಲ್ಲೇ ಇದ್ದರೆ ಮೊಳಕೆ ಬರುತ್ತದೆ. ಬೆಳಿಗ್ಗೆ ಕೊಯ್ಲು, ಆಳುಗಳಿಗೆ ಹೇಳಿಯಾಗಿದೆ. "ಈ ವರ್ಷ ತೂಬಿನ ಬಾಗಿಲ ಕೆಲಸ ಪೂರಾ ಸೊಸೆಗೇ ಕೊಟ್ಟಿದ್ದೇನೆ. ಸಂಜೆ ಇಳಿತಕ್ಕೇ ನೀರೆಲ್ಲ ಹೋಗಿರ್ತದೆ, ರಾತ್ರಿ ಇಳಿತಕ್ಕೆ ಏಳೂದು ಬೇಡ."

ಸವಿತಾ ಮುಖ ತಗ್ಗಿಸಿ ನಕ್ಕಳು. ಸಂಜೆ ನಾನು ಗುದ್ದಿ ಕೂರಿಸಿದ ಹಲಗೆ ನೆನಪಾಯಿತು. ಏರಿಯ ಮೇಲೆ ಒಂದೇ ತೂಬು ಇದೆಯೇ, ಬೇರೆಯವರದೂ ಇರಬಹುದಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕೇಳಿದ್ದರೆ ಒಂದು ಮಾತಿನಲ್ಲಿ ತಿಳಿಯುತ್ತಿತ್ತು. ಕೇಳಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಜಗಲಿಯಲ್ಲಿ ಕೂತು ನಮ್ಮ ಕಡೆ ಬೇಸಾಯ ಹೆಂಗೆ, ನೀರು ಕಟ್ಟುವುದು ಹೆಂಗೆ ಅಂತ ಊರಗಲ ಕೊಚ್ಚಿಕೊಂಡಿದ್ದೆ. ಯಾವ ಮುಖ ಹೊತ್ತು ಬಾಯಿ ಬಿಡಲಿ? ಇನ್ನೊಂಚೂರು ಸಾರು ಹಾಕಿಸಿಕೊಂಡೆ.

ಬೆಳಿಗ್ಗೆ ಎಲ್ಲರ ಜೊತೆ ನಾವೂ ಗದ್ದೆಗೆ ಹೋದೆವು. ಅದೇ ತೂಬು. ಕೆಸರಿನಲ್ಲಿ ನನ್ನ ಹಿಮ್ಮಡಿಯ ಗುರುತು ಹಾಗೇ ಇತ್ತು. ಒಳಗೆ ತೊಡೆಮಟ್ಟ ನೀರು. ತಿಮ್ಮಪ್ಪ ಒಂದು ತೆನೆ ಎತ್ತಿ ನೋಡಿದರು. ಬಿಳೀ ಮೊಳಕೆ ಮೂತಿ ತೋರಿಸಿತ್ತು.

"ಎಂತ ಮಾಡಿಟ್ಟೆ? ಇಳಿತ ಮುಗಿಯೂ ಮೊದಲೇ ಹಾಕ್ಬಿಟ್ಯಾ?"

"ನಾ ಹಾಕ್ಲಿಲ್ಲ ಮಾವ. ಬಂದಾಗಲೇ ಇತ್ತು. ಕತ್ತಲಲ್ಲಿ ನೀರು ಕಾಣ್ಲಿಲ್ಲ."

"ಹಲಗೆಗೆ ಕಾಲು ಬಂತಾ?" ಆಳುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. "ನಾಳೆಯಿಂದ ಬಾಗಿಲ ಹತ್ರ ಹೋಗ್ಬೇಡ ನೀನು" ಅಂದರು ತಿಮ್ಮಪ್ಪ.

ಅವಳು ಕುಡುಗೋಲು ಹಿಡಿದು ನೀರಿಗಿಳಿದಳು. ನಾನು ಥೂ ನನ್ನ ಜನ್ಮಕ್ಕೆ ಅಂದುಕೊಂಡು ಅವಳ ಹಿಂದೆಯೇ ಇಳಿದೆ. ತೆನೆಯನ್ನಷ್ಟೇ ಕತ್ತರಿಸಿ ದೋಣಿಗೆ ಹಾಕಬೇಕು. ಮುಳುಗಿದ ತೆನೆಯನ್ನು ತಡಕಿ ತಡಕಿ ಎತ್ತಬೇಕು, ಅರ್ಧ ಕೈಯಲ್ಲೇ ಉದುರುತ್ತಿತ್ತು. ಅವಳು ತಲೆ ಎತ್ತದೆ ಕೊಯ್ಯುತ್ತಲೇ ಇದ್ದಳು. ಬಿಸಿಲು ನೆತ್ತಿಗೆ ಬಂದು ಎಲ್ಲರೂ ಏರಿಯ ಮೇಲೆ ಗಂಜಿಗೆ ಕೂತಾಗ ನನಗೆ ತಡೆಯಲಾಗಲಿಲ್ಲ.

"ಹಲಗೆ ಇಟ್ಟವನು ನಾನು. ಸೋರಿ ಹೋಗ್ತಿದೆ ಅಂತ ಇಟ್ಟೆ. ಆಯಮ್ಮಂದೇನೂ ತಪ್ಪಿಲ್ಲ" ಅಂದೆ.

ಪುಟ್ಟರಾಜ "ಅಯ್ಯೋ ಭಾವ!" ಅಂದ. ತಿಮ್ಮಪ್ಪ ಗಂಜಿಯ ಬಟ್ಟಲನ್ನು ಕೆಳಗಿಟ್ಟರು. "ಗೊತ್ತಿಲ್ದೆ ಮಾಡಿದ್ರಿ, ಬಿಡಿ. ನೆಂಟರಿಗೆ ಎಂತ ಹೇಳೂದು" ಅಂದು, ಸೊಸೆಯ ಕಡೆ ತಿರುಗಿ, "ಉಣ್ಣು ಮಗಾ, ನಾನೇ ದುಡುಕಿದೆ" ಅಂದರು. ಅಷ್ಟು ಸಲೀಸಾಗಿ ಮುಗಿಯಿತು. ಭತ್ತ ಅರ್ಧಕ್ಕರ್ಧ ಹೋಗಿತ್ತು.

ಹೊರಡುವಾಗ ಪುಟ್ಟರಾಜ ಚೀಲ ತರಲು ಒಳಗೆ ಹೋದ. ಸವಿತಾ ಅಂಗಳದಲ್ಲಿ ಒದ್ದೆ ತೆನೆ ಹರವುತ್ತಿದ್ದಳು. ತಪ್ಪಾಯಿತಮ್ಮ ಅನ್ನಲು ಹತ್ತಿರ ಹೋದೆ. ಅವಳೇ ಮೊದಲು ಕೇಳಿದಳು.

"ರಾತ್ರಿ ಉಣ್ಣುವಾಗ ನಿಮಗೆ ಗೊತ್ತಾಗಿತ್ತಲ್ವಾ?"

ನಾನು ಬಗ್ಗಿ ಒಂದು ತೆನೆ ಎತ್ತಿಕೊಂಡೆ.

"ಆಗಲೇ ಹೇಳಿದ್ರೆ ರಾತ್ರಿ ಇಳಿತಕ್ಕೆ ನಾನು ಹೋಗಿ ತೆಗೀತಿದ್ದೆ. ಅರ್ಧ ಗಳಿಗೆ ಕೆಲಸ."

ಕೋಪದಲ್ಲಿ ಹೇಳಲಿಲ್ಲ. ಹೇಳಿ ಮತ್ತೆ ತೆನೆ ಹರವಿದಳು. ಪುಟ್ಟರಾಜ ಚೀಲ ಹೊತ್ತು ಬಂದ.

ವಾಪಸು ದಾರಿಯಲ್ಲಿ ಘಟ್ಟ ಹತ್ತಿದ್ದು, ಸಕಲೇಶಪುರದಲ್ಲಿ ಕಾಫಿ ಕುಡಿದದ್ದು ಯಾವುದೂ ನೆಟ್ಟಗೆ ನೆನಪಿಲ್ಲ. ಹಾಸನದಲ್ಲಿ ಬಸ್ಸು ಬದಲಿಸಿದೆವು. ಶಾಂತಿಗ್ರಾಮ ದಾಟುವಾಗ ಪುಟ್ಟರಾಜ ಮಂಡಿ ನೀವಿಕೊಳ್ಳುತ್ತ ಕೇಳಿದ, "ಆ ಉಡುಗಿ ಕೊನೇಲಿ ನಿನ್ನ ಏನೋ ಕೇಳ್ತಿತ್ತಲ್ಲ ಭಾವ, ಏನಂತೆ?"

ಕಿಟಕಿಯಾಚೆ ಯಾರದೋ ಗದ್ದೆಗೆ ಯಾರೋ ನೀರು ಕಟ್ಟುತ್ತಿದ್ದರು.

"ಏನಿಲ್ಲ ಕಣ್ಲಾ" ಅಂದೆ. "ಮುಂದಿನ ವರ್ಷನೂ ಬನ್ನಿ ಅಂದ್ಲು."

"ಒಳ್ಳೇ ಜನ ಕಣ್ ಭಾವ" ಅಂದ ಪುಟ್ಟರಾಜ.