ಆರು ಮನೆಗಳ ಏಳು ಗಂಟೆ

ಆ ಬಡಾವಣೆಯ ನಾನೂರು ಚಿಲ್ಲರೆ ಟಿವಿಗಳ ಬೆನ್ನು ಅವನಿಗೆ ಚೆನ್ನಾಗಿ ಪರಿಚಯವಿತ್ತು. ಮುಖದ ಪರಿಚಯ ಅಷ್ಟಾಗಿ ಇರಲಿಲ್ಲ. ಇಪ್ಪತ್ತಾರು ವರ್ಷ ಕೇಬಲ್ ಆಫೀಸಿನ ಲೈನ್‌ಮನ್ ಆಗಿದ್ದವನಿಗೆ ಜನರ ಮನೆಯಲ್ಲಿ ಸಿಗುವ ಜಾಗ ಟಿವಿಯ ಹಿಂದುಗಡೆಯೇ. ಧೂಳು, ಕಳೆದುಹೋದ ಪೆನ್ನು, ಒಮ್ಮೊಮ್ಮೆ ಹಲ್ಲಿಯ ಮೊಟ್ಟೆ. ಮುಂದುಗಡೆ ಕೂತವರು ಅಲ್ಲಿಂದಲೇ "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುತ್ತಿದ್ದರು. ಇವನು ತಂತಿಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದ. ಬಿದಿರಿನ ಏಣಿಯೊಂದು ಸದಾ ಹೆಗಲ ಮೇಲಿರುತ್ತಿದ್ದುದರಿಂದ ದೊಡ್ಡವರಿಗೆ ಅವನು ಏಣಿ, ಚಿಕ್ಕವರಿಗೆ ಏಣಿಯಣ್ಣ. ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿತ್ತು.

ಲೈನ್ ಕೆಟ್ಟಿದೆಯೇ ಎಂದು ಪತ್ತೆ ಹಚ್ಚಲು ಅವನದೊಂದು ಕ್ರಮವಿತ್ತು. ಯಾರೂ ಕಲಿಸಿದ್ದಲ್ಲ. ಸಂಜೆ ಏಳಕ್ಕೆ ಸುದ್ದಿ ಶುರುವಾಗುವ ಮುನ್ನ ಬೀದಿಯ ತಲೆಯಲ್ಲಿ ನಿಂತುಕೊಳ್ಳುವನು. ಸುದ್ದಿಯ ವಾದ್ಯ ಎಲ್ಲ ಕಿಟಕಿಗಳಿಂದ ಒಂದೇ ಸಲ ಹೊರಟರೆ ಬೀದಿ ಕ್ಷೇಮ. ಯಾವುದೋ ಮನೆಯಿಂದ ಕರಕರ ಎಂದರೆ ಆ ಮನೆಯ ಜಾಯಿಂಟ್ ಸಡಿಲ. ಮೂರು ಮನೆ ಒಟ್ಟಿಗೆ ಮೂಕವಾದರೆ ಕಂಬದ ಮೇಲಿನ ಡಬ್ಬಿಗೆ ನೀರು ಹೊಕ್ಕಿದೆ. ನಡೆಯುತ್ತಾ ಹೋಗಿ, ಕಿವಿಯಲ್ಲೇ ಲೈನ್ ನೋಡಿ, ಬೆಳಿಗ್ಗೆ ಏಣಿ ತಂದು ಸರಿಮಾಡುವನು. ದೂರು ಬರೆಸಲು ಜನ ಆಫೀಸಿಗೆ ಹೊರಡುವಷ್ಟರಲ್ಲಿ ಇವನು ಅವರ ಗೇಟಿನ ಬಳಿ ಇರುತ್ತಿದ್ದ. ಈ ವಿದ್ಯೆಯ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಇರಬೇಕಾದದ್ದೇ.

ಆ ಕಿವಿ ಮೊದಲ ಸಲ ಮೋಸ ಹೋದದ್ದು ಕಂಪೌಂಡರ್ ಮನೆಯ ವಿಷಯದಲ್ಲಿ. ಬಹಳ ದಿನಗಳ ಮೇಲೆ ಆ ಬೀದಿಗೆ ಹೋದ ಒಂದು ಸಂಜೆ, ಬೀದಿಯೆಲ್ಲ ವಾದ್ಯ ಮುಗಿದು ಸುದ್ದಿ ಓದುವವಳು ನಮಸ್ಕಾರ ಹೇಳಿದ ಮೇಲೆ ಕಂಪೌಂಡರ್ ಮನೆಯಲ್ಲಿ ವಾದ್ಯ ಶುರುವಾಯಿತು. ಕೆಡುವ ಲೈನ್ ಕರಕರ ಅನ್ನುತ್ತದೆ, ಸಾಯುತ್ತದೆ. ತಡ ಮಾಡುವ ಲೈನನ್ನು ಅವನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಆ ಮನೆಯ ಎರಡು ಜಾಯಿಂಟ್ ಕತ್ತರಿಸಿ ಹೊಸದು ಹಾಕಿದ. ಸಂಜೆ ಮತ್ತೆ ತಡ. ಮಾರನೆಯ ದಿನ ಕಂಬದಿಂದ ಮನೆಯವರೆಗೆ ಹೊಸ ತಂತಿಯನ್ನೇ ಎಳೆದ. ಮೂರನೆಯ ದಿನ ಕಂಪೌಂಡರನ ಹೆಂಡತಿಗೆ ತಡೆಯಲಾಗಲಿಲ್ಲ.

"ಏಣಿಯಣ್ಣ, ಬೇಜಾರು ಮಾಡ್ಕೋಬೇಡಿ. ನಾವು ಕೇಬಲ್ ಬಿಟ್ಟು ಎರಡು ತಿಂಗಳಾಯ್ತು."

"ಮತ್ತೆ ಟಿವಿ ಹಾಡ್ತಾ ಇದೆಯಲ್ಲ?"

"ಅದು ನೆಟ್ಟಿಂದು. ಡಬ್ಬಿ ಹಾಕಿಸಿದೀವಿ. ನಿಮಗೆ ಹೇಳೋಕೆ ಬಾಯಿ ಬರಲಿಲ್ಲ."

"ನಿನ್ನೆ ನಾನು ತಂತಿ ಎಳೆಯೋವಾಗಲಾದ್ರೂ ಬಾಯಿ ಬರಬಾರದಿತ್ತೇನಮ್ಮ?"

ಅವಮಾನವಾಯಿತು ನಿಜ. ಆದರೆ ಗೇಟು ದಾಟುವಷ್ಟರಲ್ಲಿ ಅದರ ಬೆನ್ನ ಹಿಂದೆ ಇನ್ನೊಂದು ಪ್ರಶ್ನೆ ಬಂದು ನಿಂತಿತ್ತು. ಯಾಕೆ ತಡ? ಅದೇ ಸುದ್ದಿ, ಅದೇ ವಾದ್ಯ, ಅದೇ ಗಳಿಗೆಯಲ್ಲಿ ಹೊರಟದ್ದು. ದಾರಿಯಲ್ಲಿ ಎಲ್ಲಿ ಕೂತು ದಣಿವಾರಿಸಿಕೊಂಡು ಬಂತು?

ಕಂಪೌಂಡರ್ ಮನೆಯವರು ಎಸೆಯಲಿದ್ದ ಒಂದು ಕೆಟ್ಟ ಡಬ್ಬಿಯನ್ನು ಕೇಳಿ ತಂದು ಮನೆಯ ಊಟದ ಮೇಜಿನ ಮೇಲೆ ಬಿಚ್ಚಿದ. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು. ಒಳಗೆ ಒಂದು ಹಸಿರು ಹಲಗೆ, ನಾಲ್ಕಾರು ಕಪ್ಪು ಚೌಕ. ತಿರುಗಿಸಲು ಒಂದು ಸ್ಕ್ರೂ ಕೂಡ ಇಲ್ಲ.

ಹೆಂಡತಿ ಪಕ್ಕದಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಂಗಡಿಗಳಿಂದ ಬರುವ ಪ್ಯಾಂಟುಗಳ ಕಾಲು ಮಡಚಿ ಹೊಲಿಯುವುದು ಅವಳ ಕೆಲಸ. ಟಿವಿಯನ್ನು ಅವಳು ಕೇಳುತ್ತಿದ್ದಳೇ ಹೊರತು ನೋಡುತ್ತಿರಲಿಲ್ಲ. ಕಣ್ಣು ಸೂಜಿಯ ಮೇಲಿರಬೇಕು. ನಗೆ ನಾಟಕದಲ್ಲಿ ಯಾರಾದರೂ ಜಾರಿ ಬಿದ್ದರೆ ಧಡ್ ಎಂಬ ಸದ್ದಿಗೆ ತಲೆಯೆತ್ತುವಳು. ಅಷ್ಟರಲ್ಲಿ ಬಿದ್ದವನು ಎದ್ದು ಧೂಳು ಕೊಡವುತ್ತಿರುತ್ತಿದ್ದ.

"ಏನು ಸಿಕ್ತು ಒಳಗೆ?" ಎಂದಳು.

"ಏನೂ ಇಲ್ಲ ಕಣೇ."

"ಇಪ್ಪತ್ತಾರು ವರ್ಷ ನಿಮ್ಮ ತಲೆ ಬಿಚ್ಚಿ ನೋಡಿದ್ರೂ ನಂಗೆ ಅಷ್ಟೇ ಸಿಗ್ತಿತ್ತು. ಮೇಜು ಖಾಲಿ ಮಾಡಿ, ಊಟ ಬಡಿಸ್ಬೇಕು."

ಕಂಪೌಂಡರ್ ಮನೆ ಮೊದಲನೆಯದು. ವರ್ಷ ತಿರುಗುವಷ್ಟರಲ್ಲಿ ಬೀದಿಗೆ ಬೀದಿಯೇ ಕೇಬಲ್ ಬಿಟ್ಟಿತು. ಏಳು ಗಂಟೆಯ ವಾದ್ಯ ಈಗ ಒಟ್ಟಿಗೆ ಹೊರಡುತ್ತಿರಲಿಲ್ಲ. ಮದುವೆ ಮನೆಯಿಂದ ನೆಂಟರು ಹೊರಡುವ ಹಾಗೆ ಒಬ್ಬೊಬ್ಬರಾಗಿ ಹೊರಡುತ್ತಿತ್ತು. ಆಫೀಸಿನ ಹಳೆಯ ಯಜಮಾನರು ತೀರಿಕೊಂಡ ಮೇಲೆ ಅವರ ಮಗಳು ವ್ಯವಹಾರ ವಹಿಸಿಕೊಂಡಿದ್ದಳು. ಓದಿ ಬಂದವಳು, ನಲವತ್ತು ದಾಟಿದವಳು, ಕಡಿಮೆ ಮಾತು. ಎಲ್ಲರೂ ಇಂಜಿನಿಯರಮ್ಮ ಎನ್ನುತ್ತಿದ್ದರು. ಅವಳು ಹಳೆಯ ತಂತಿ ಕಿತ್ತು ಫೈಬರ್ ಎಳೆಸಿ, ತಾನೇ ನೆಟ್ ಕೊಡಲು ಶುರುಮಾಡಿದಳು. ಆಫೀಸಿನಲ್ಲಿದ್ದ ಲೈನ್‌ಮನ್‌ಗಳಲ್ಲಿ ಇವನೊಬ್ಬನೇ ಉಳಿದಿದ್ದ. ಮಿಕ್ಕವರು ಬೇರೆ ದಾರಿ ನೋಡಿಕೊಂಡಿದ್ದರು.

"ಅಣ್ಣ, ಇದು ತಾಮ್ರ ಅಲ್ಲ," ಎಂದಿದ್ದಳು. "ಒಳಗೆ ಕೂದಲಿನಷ್ಟು ಗಾಜಿನ ಎಳೆ ಇರುತ್ತೆ. ಅದರೊಳಗೆ ಬೆಳಕು ಹೋಗುತ್ತೆ. ಕಲೀತೀರಾ?"

"ಕಲೀತೀನಿ ಅಮ್ಮ."

"ಹಿಂದಿನ ಬೀದಿಯ ಆರು ಮನೆ ನೀವೇ ಮಾಡಿ. ಅದು ಸರಿಯಾಗಿ ನಿಂತ್ರೆ ಕೆಲಸದಲ್ಲಿ ನೀವೂ ನಿಂತ ಹಾಗೆ."

ಇಷ್ಟು ನೇರವಾಗಿ ಹೇಳುವವರು ಕಡಿಮೆ. ಅವನಿಗೆ ಅದು ಹಿಡಿಸಿತು. ಐವತ್ನಾಲ್ಕನೆಯ ವಯಸ್ಸಿನಲ್ಲಿ ಅವನು ಆರು ಮನೆಗಳಿಗೆ ಫೈಬರ್ ಎಳೆದು, ಪೆಟ್ಟಿಗೆ ಕೂರಿಸಿ, ಟಿವಿಗಳ ಬೆನ್ನಿಗೆ ಡಬ್ಬಿ ಸಿಕ್ಕಿಸಿ, ಮುಂದುಗಡೆಯಿಂದ "ಬಂತು" ಎಂಬ ಕೂಗು ಕೇಳಿಸಿಕೊಂಡು ಬಂದ.

ಮೂರು ವಾರ ಸರಿಯಿತ್ತು. ಆಮೇಲೆ ಆ ಬೀದಿಯ ಕೊನೆಯ ಕಟ್ಟಡದಿಂದ ದೂರು ಶುರುವಾಯಿತು. ಅಲ್ಲಿ ಒಂದರ ಮೇಲೊಂದು ಮೂರು ಮನೆ. ಸಂಜೆಯಾದರೆ ಚಿತ್ರ ನಿಲ್ಲುತ್ತದೆ, ಗುಂಡಗೆ ಒಂದು ಚಕ್ರ ತಿರುಗುತ್ತದೆ. ಇಂಜಿನಿಯರಮ್ಮ ಮಧ್ಯಾಹ್ನ ತಾನೇ ಎರಡು ಸಲ ಹೋಗಿ ಯಂತ್ರದಿಂದ ಬೆಳಕು ಅಳೆದು ನೋಡಿದಳು. ಎಲ್ಲ ಸರಿ. ಸಂಜೆ ಮತ್ತೆ ಚಕ್ರ. ಮೇಲಿನ ಮಹಡಿಯಲ್ಲಿದ್ದ ನಿವೃತ್ತ ಹೆಡ್ಮಾಸ್ತರರು ಆಫೀಸಿಗೆ ಬಂದು ಕುರ್ಚಿಯ ಮೇಲೆ ಕೂರದೆ ನಿಂತೇ ಹೇಳಿದರು, "ಭಾನುವಾರದವರೆಗೆ ನೋಡ್ತೀವಿ. ಆಮೇಲೆ ಮೂರೂ ಮನೆಯವರು ಬೇರೆ ಕಂಪನಿಗೆ ಹೋಗ್ತೀವಿ."

ಅವರು ಹೋದ ಮೇಲೆ ಇಂಜಿನಿಯರಮ್ಮ ಇವನ ಕಡೆ ನೋಡಿದಳು. ಹೇಳಬೇಕಾದದ್ದನ್ನು ಮೊದಲೇ ಹೇಳಿಯಾಗಿತ್ತು. ಅಂದು ಬುಧವಾರ.

"ಅಮ್ಮ, ಒಂದು ಕೇಳ್ಲಾ? ಈ ಡಬ್ಬಿ ತಡ ಯಾಕೆ ಮಾಡುತ್ತೆ?"

"ಈಗ ಅದ್ಯಾಕೆ?"

"ಎರಡು ವರ್ಷದಿಂದ ತಲೆ ಕೊರೀತಾ ಇದೆ."

ಅವಳು ಪೆನ್ನು ಕೆಳಗಿಟ್ಟಳು. "ನೀವೂ ಪಕ್ಕದವರೂ ಒಂದೇ ಪುಸ್ತಕ ಓದೋಕೆ ಶುರು ಮಾಡ್ತೀರಿ ಅಂದ್ಕೊಳ್ಳಿ. ಮಧ್ಯೆ ನಿಮಗೆ ಫೋನ್ ಬಂತು. ಎದ್ದು ಹೋಗಿ ಮಾತಾಡಿ ಬಂದ್ರಿ. ಎಲ್ಲಿಂದ ಓದ್ತೀರಿ?"

"ಬಿಟ್ಟಲ್ಲಿಂದ."

"ಪಕ್ಕದವರು?"

"ಅವರು ಮುಂದೆ ಹೋಗಿರ್ತಾರೆ."

"ಅಷ್ಟೇ. ಚಿತ್ರ ತುಣುಕು ತುಣುಕಾಗಿ ಬರುತ್ತೆ. ಡಬ್ಬಿ ಒಂದಿಷ್ಟು ಕೂಡಿಟ್ಕೊಂಡು ತೋರಿಸುತ್ತೆ, ಅದಕ್ಕೇ ಎಲ್ಲಾರೂ ಸ್ವಲ್ಪ ತಡ. ಮಧ್ಯೆ ಬರೋದು ನಿಂತ್ರೆ ಕಾಯುತ್ತೆ, ಮತ್ತೆ ಬಿಟ್ಟಲ್ಲಿಂದ ಶುರು. ಇನ್ನಷ್ಟು ತಡ."

ಅವನು ಮೇಜಿನ ಮೇಲೆ ಬೆರಳಿನಿಂದ ಎರಡು ಗೆರೆ ಎಳೆದ, ಒಂದು ಮುಂದೆ, ಒಂದು ಹಿಂದೆ. "ಹಾಗಾದ್ರೆ ಎಷ್ಟು ತಡ ಅಂತ ಕೇಳಿಸ್ಕೊಂಡ್ರೆ, ಯಾರಿಗೆ ಎಷ್ಟು ಸಲ ಫೋನ್ ಬಂತು ಅಂತ ಗೊತ್ತಾಗುತ್ತೆ."

ಇಂಜಿನಿಯರಮ್ಮ ಅವನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. "ಕೇಳಿ ನೋಡಿ," ಎಂದಳು.

ಗುರುವಾರ ಸಂಜೆ ಐದೂವರೆಗೆ ಅವನು ಹಿಂದಿನ ಬೀದಿಯಲ್ಲಿದ್ದ. ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಿದ್ದ. ಆರೂ ಮನೆಗಳಲ್ಲಿ ಹಿರಿಯರಿದ್ದರು, ಆರರಲ್ಲೂ ಹಳೆಯ ಅಭ್ಯಾಸದಂತೆ ಅದೇ ಸುದ್ದಿ ಚಾನೆಲ್. ಅರ್ಧ ಗಂಟೆಗೊಮ್ಮೆ ಮುಖ್ಯಾಂಶ, ಪ್ರತಿ ಸಲವೂ ಆ ವಾದ್ಯ. ಮೊದಲ ಮನೆಯಲ್ಲಿ ವಾದ್ಯ ಬಂದೊಡನೆ ಎಣಿಸಲು ಶುರು. ಉಳಿದ ಐದು ಮನೆಗಳವು ಮೂರು ಸೆಕೆಂಡಿನೊಳಗೆ ಬಂದವು. ಆರು ಗಂಟೆಗೂ ಹಾಗೆಯೇ. ಆರೂವರೆಗೆ ಕೊನೆಯ ಕಟ್ಟಡದ ಮೂರೂ ಮನೆಗಳು ಇಪ್ಪತ್ತು ಸೆಕೆಂಡು ಹಿಂದೆ ಬಿದ್ದಿದ್ದವು. ಏಳಕ್ಕೆ ನಲವತ್ತೈದು. ಎಲ್ಲವನ್ನೂ ಔಷಧಿಯ ಚೀಟಿಯ ಬೆನ್ನ ಮೇಲೆ ಬರೆದುಕೊಂಡ. ಅತ್ತಿತ್ತ ಓಡಾಡುತ್ತ ಕಿಟಕಿಗಳಿಗೆ ಕಿವಿಗೊಡುತ್ತಿದ್ದವನನ್ನು ಕಂಡು ಒಬ್ಬಾಕೆ ಪರದೆ ಎಳೆದುಕೊಂಡಳು.

ಒಂದು ಕಟ್ಟಡ, ಮೂರು ಮನೆ, ಆರು ಗಂಟೆಯ ನಂತರ. ಅಂದರೆ ತೊಂದರೆ ಆ ಕಟ್ಟಡದೊಳಗೇ, ಮೂರೂ ಮನೆಗೆ ಒಂದಾಗಿ ಬರುವ ಎಳೆಯಲ್ಲೇ. ಆರಕ್ಕೆ ಅಲ್ಲಿ ಏನಾಗುತ್ತದೆ?

ಶುಕ್ರವಾರ ಅವನು ಆ ಕಟ್ಟಡದ ಮೆಟ್ಟಿಲ ಮೇಲೆ ಕೂತ. ಆರು ಹತ್ತಕ್ಕೆ ಹೆಡ್ಮಾಸ್ತರರು ನೀರಿನ ಕ್ಯಾನು ಹಿಡಿದು ಇವನನ್ನು ದಾಟಿ ಮೇಲೆ ಹೋದರು.

"ಏನಯ್ಯಾ ಏಣಿ, ಮೆಟ್ಟಿಲೇ ಇರೋವಾಗ ನೀನ್ಯಾಕೆ ಇಲ್ಲಿ?"

"ಕೇಳ್ತಾ ಇದೀನಿ ಸರ್."

"ಏನನ್ನ?"

"ಗೊತ್ತಿಲ್ಲ ಸರ್. ಅದನ್ನೇ."

ಅವರು ತಲೆಯಾಡಿಸಿ ಹೋದರು. ಮೇಲೆ ತಾರಸಿಯ ಕಬ್ಬಿಣದ ಬಾಗಿಲು ತೆರೆದು ಗೋಡೆಗೆ ಬಡಿದ ಸದ್ದಾಯಿತು. ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕಳೆದಿರಬೇಕು. ಮೂರು ಮನೆಗಳಲ್ಲೂ ಸುದ್ದಿ ಓದುತ್ತಿದ್ದವಳ ಮಾತು ವಾಕ್ಯದ ನಡುವೆ ನಿಂತಿತು. ಒಂದರಲ್ಲಿ "ಸಚಿವರು", ಇನ್ನೊಂದರಲ್ಲಿ "ಸಚಿವರು ಇಂದು", ಮತ್ತೊಂದರಲ್ಲಿ ಬರೀ "ಸ".

ಅವನು ಎರಡೆರಡು ಮೆಟ್ಟಿಲು ಹಾರಿ ಮೇಲಕ್ಕೆ ಹೋದ. ತಾರಸಿಯ ಬಾಗಿಲು ಪೂರ್ತಿ ತೆರೆದು ಗೋಡೆಗೆ ಒರಗಿತ್ತು. ಅದನ್ನು ಈಚೆಗೆಳೆದು ಹಿಂದೆ ಬಗ್ಗಿ ನೋಡಿದ. ಅಲ್ಲಿ ಮೊಳೆಯೊಂದಕ್ಕೆ ಫೈಬರಿನ ಸುರುಳಿ ತೂಗುಬಿದ್ದಿತ್ತು. ಮುಂದೆ ಯಾವಾಗಲಾದರೂ ಬೇಕಾದೀತೆಂದು ಎರಡು ಗಜ ಮಿಗಿಸಿ, ಹಿಡಿಯಷ್ಟು ಚಿಕ್ಕದಾಗಿ ಸುತ್ತಿ, ನಡುವೆ ಕಟ್ಟುತಂತಿಯಿಂದ ಬಿಗಿದದ್ದು. ಮೂರು ಸುತ್ತು, ಒಂದು ತಿರುವು, ತುದಿ ಒಳಗೆ. ಆ ಕಟ್ಟನ್ನು ಅವನು ಎಲ್ಲಿದ್ದರೂ ಗುರುತಿಸಬಲ್ಲ. ಇಪ್ಪತ್ತಾರು ವರ್ಷ ಎಲ್ಲ ಬಾಗಿಲುಗಳ ಹಿಂದೆ ಹಾಗೆಯೇ ಕಟ್ಟಿದ್ದ. ತಾಮ್ರದ ತಂತಿ ಎಷ್ಟು ಬಿಗಿದರೂ ಚಕಾರವೆತ್ತುತ್ತಿರಲಿಲ್ಲ. ಗಾಜಿನ ಎಳೆಯನ್ನು ಅಷ್ಟು ಬಗ್ಗಿಸಿದರೆ ಬೆಳಕು ತಿರುವಿನಲ್ಲಿ ಹೊರಗೆ ಸೋರುತ್ತದೆ. ಅಷ್ಟಕ್ಕೂ ಹೇಗೋ ನಡೆಯುತ್ತಿತ್ತು, ಬಾಗಿಲು ಬಂದು ಒತ್ತದಿದ್ದರೆ. ಬೇಸಿಗೆ ಶುರುವಾದ ಮೇಲೆ ಹೆಡ್ಮಾಸ್ತರರು ದಿನಾ ಸಂಜೆ ಗಿಡಗಳಿಗೆ ನೀರು ಹಾಕಲು ಬಾಗಿಲು ತೆರೆಯತೊಡಗಿದ್ದರು. ಮಧ್ಯಾಹ್ನ ಅಳೆಯಲು ಬಂದ ಇಂಜಿನಿಯರಮ್ಮನಿಗೆ ಬಾಗಿಲು ಮುಚ್ಚಿರುತ್ತಿತ್ತು.

ಹೆಡ್ಮಾಸ್ತರರು ಕ್ಯಾನು ಹಿಡಿದುಕೊಂಡೇ ಬಂದು ನೋಡಿದರು. "ಏನಿದು? ನನ್ನ ಬಾಗಿಲು ಇದನ್ನ ಅಪ್ಪಚ್ಚಿ ಮಾಡ್ತಿತ್ತಾ? ಅಂದ್ರೆ ದಿನಾ ನಾನೇ ನನ್ನ ಟಿವಿ ಕೆಡಿಸ್ತಿದ್ನಾ? ಛೆ ಛೆ."

ದಾರಿ ತಾನಾಗಿಯೇ ತೆರೆದುಕೊಂಡಿತ್ತು. ಹೌದು ಸರ್ ಎಂದರೆ ಸಾಕು. ಅವರೇ ಆಫೀಸಿಗೆ ಬಂದು ಕ್ಷಮೆ ಕೇಳುತ್ತಿದ್ದರು. ಭಾನುವಾರ ಕಳೆಯುತ್ತಿತ್ತು, ಕೆಲಸ ಉಳಿಯುತ್ತಿತ್ತು. ಅವನು ಕಟ್ಟಿನ ತುದಿ ಹಿಡಿದು ಸುರುಳಿಯನ್ನು ಬಿಚ್ಚಿದ.

"ಬಾಗಿಲು ಇರೋದೇ ತೆಗೆಯೋಕೆ ಸರ್," ಎಂದ. "ಕಟ್ಟಿದ್ದು ನಾನು."

ತಟ್ಟೆಯಷ್ಟು ಅಗಲಕ್ಕೆ ಸಡಿಲವಾಗಿ ಸುತ್ತಿ, ಬಾಗಿಲಿಗೆ ಎಟುಕದ ಕಡೆ ಬಟ್ಟೆಯ ಪಟ್ಟಿಯಿಂದ ತೂಗುಹಾಕಿದ. ಬಾಗಿಲನ್ನು ನಾಲ್ಕು ಸಲ ಗೋಡೆಗೆ ಬಡಿದು ನೋಡಿದ. ಕೆಳಗೆ ಸುದ್ದಿ ಓದುವವಳು ನಿಲ್ಲಲಿಲ್ಲ. ಮೂರೂ ಮನೆಯವರಿಗೆ ಡಬ್ಬಿ ಒಮ್ಮೆ ಆರಿಸಿ ಹಾಕಲು ಹೇಳಿ ಏಳು ಗಂಟೆಗೆ ಬೀದಿಯಲ್ಲಿ ನಿಂತ. ಆರು ವಾದ್ಯಗಳು ನಾಲ್ಕು ಸೆಕೆಂಡಿನೊಳಗೆ ಬಂದವು. ಹಳೆಯ ಕಾಲದ ಹಾಗೆ ಒಂದೇ ಉಸಿರಿಗಲ್ಲ. ಆದರೂ ಒಂದೇ ಮನೆಯ ಮಕ್ಕಳು ಒಬ್ಬರ ಹಿಂದೊಬ್ಬರು ಊಟಕ್ಕೆ ಬಂದಷ್ಟು ಹತ್ತಿರ.

ಇಂಜಿನಿಯರಮ್ಮ ಶನಿವಾರ ಬೆಳಿಗ್ಗೆ ಎಲ್ಲವನ್ನೂ ಕೇಳಿಸಿಕೊಂಡಳು. ಅವನು ಏನನ್ನೂ ಬಿಡಲಿಲ್ಲ, ಮೂರು ಸುತ್ತು ಒಂದು ತಿರುವನ್ನೂ ಸೇರಿಸಿ.

"ಕಲಿಸಿದ ದಿನವೇ ಹೇಳಿದ್ದೆ, ಬಗ್ಗಿಸಬೇಡಿ ಅಂತ."

"ಹೇಳಿದ್ರಿ. ತಲೆ ಕೇಳಿಸ್ಕೊಂಡಿತ್ತು ಅಮ್ಮ. ಕೈ ಕೇಳಿಸ್ಕೊಂಡಿರಲಿಲ್ಲ."

"ಹೀಗೆ ಇನ್ನೆಷ್ಟು ಕಡೆ ಕಟ್ಟಿದೀರಿ?"

"ಕಲಿಯೋವಾಗ ಮೊದಲ ಬೀದೀಲಿ ಕೈಜೋಡಿಸಿದಾಗ ಕಟ್ಟಿದ್ದೂ ಸೇರಿ ಹನ್ನೊಂದು ಕಡೆ."

"ಹನ್ನೊಂದನ್ನೂ ಸೋಮವಾರದೊಳಗೆ ಬಿಚ್ಚಿ ಕಟ್ಟಿ." ಕೈ ಚಾಚಿದಳು. "ಆ ಚೀಟಿ ಕೊಡಿ ಇಲ್ಲಿ."

ಔಷಧಿ ಚೀಟಿಯ ಬೆನ್ನನ್ನು ಅವಳು ಬಹಳ ಹೊತ್ತು ನೋಡಿದಳು. ಇಪ್ಪತ್ತು, ನಲವತ್ತೈದು. ಎರಡು ಸಲ ಯಂತ್ರ ಹಿಡಿದು ಹೋಗಿ ತನಗೆ ಸಿಗದಿದ್ದದ್ದು ಪೆನ್ಸಿಲಿನಲ್ಲಿತ್ತು.

"ನೀರಿನ ಟ್ಯಾಂಕಿನ ಬೀದಿಯಲ್ಲೂ ಸಂಜೆ ತೊಂದರೆ ಅಂತಿದಾರೆ. ಅಲ್ಲಿ ಯಾವಾಗ ಕೇಳ್ತೀರಿ?"

"ಅಮ್ಮ, ನನ್ನ ಕೆಲಸ..."

"ಕೆಲಸ ಇಲ್ಲದವ್ರಿಗೆ ಹನ್ನೊಂದು ಸುರುಳಿ ಬಿಚ್ಚೋಕೆ ಹೇಳ್ತಾರಾ ಅಣ್ಣ?"

ಆ ಸಂಜೆ ಅವನು ತನ್ನ ಮನೆಯ ಟಿವಿಗೂ ಕಿವಿಗೊಟ್ಟ. ಪಕ್ಕದ ಮನೆಗಿಂತ ಹನ್ನೆರಡು ಸೆಕೆಂಡು ಹಿಂದಿತ್ತು. ಸ್ಕ್ರೂಡ್ರೈವರ್ ಹಿಡಿದು ಅದರ ಬೆನ್ನ ಹಿಂದೆ ಹೋಗಲಿದ್ದವನನ್ನು ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ತಡೆದಳು.

"ಅದರ ತಂಟೆಗೆ ಹೋಗ್ಬೇಡಿ."

"ತಡ ಇದೆ ಕಣೇ."

"ಇರ್ಲಿ. ಪಕ್ಕದ ಮನೆಯವರು ನಕ್ಕ ತಕ್ಷಣ ನಾನು ಸೂಜಿಯಿಂದ ಕಣ್ಣು ತೆಗೀತೀನಿ. ನಮ್ಮ ಟಿವೀಲಿ ನಾಟಕದವನು ಬೀಳೋದು ಆಮೇಲೆ. ಇಷ್ಟು ವರ್ಷದಲ್ಲಿ ಈಗೀಗ ಬೀಳೋದನ್ನ ನೋಡ್ತಾ ಇದೀನಿ. ಬನ್ನಿ ಈ ಕಡೆ, ಮುಂದೆ ಕೂತ್ಕೊಳ್ಳಿ."

ಅವನು ಸ್ಕ್ರೂಡ್ರೈವರ್ ಕಿಟಕಿಯ ಮೇಲಿಟ್ಟು ಬಂದು ಕೂತ. ಪಕ್ಕದ ಮನೆಯಲ್ಲಿ ನಗು ಎದ್ದಿತು. ಹೆಂಡತಿ ತಲೆಯೆತ್ತಿದಳು. ಅವನು ಕೈಗಡಿಯಾರ ನೋಡುತ್ತ ಎಣಿಸತೊಡಗಿದ.